ಪುದಿಯಾಪ್ಲನಿಗೆ ಹರಿದ ಪತ್ತಿರಿ

ನಮ್ಮ ಮನೆಗೆ ಅಳಿಯನಾಗಿ ಬಂದವನು ಸಾಯುವವರೆಗೂ ಹೊಸ ಮದುಮಗ. ಪುದಿಯಾಪ್ಲ ಅಂತಲೇ ಕರೆಯುವುದು. ತಲೆ ಬೋಳಾಗಲಿ, ಹಲ್ಲಿನ ಸೆಟ್ಟು ಬರಲಿ, ಸ್ವಂತ ಮಗಳಿಗೇ ಮದುವೆಯಾಗಲಿ, ಪುದಿಯಾಪ್ಲ ಪುದಿಯಾಪ್ಲನೇ. ಹೆಣ್ಣುಮಕ್ಕಳು ನಾವು ಹುಟ್ಟಿದ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಗಂಡಂದಿರು ಸಂಜೆ ಬರುತ್ತಾರೆ, ಉಂಡು ಮಲಗುತ್ತಾರೆ, ಬೆಳಿಗ್ಗೆ ಚಾ ಕುಡಿದು ಹೋಗುತ್ತಾರೆ. ಹಗಲು ಹೊತ್ತು ಅವರು ಅವರನ್ನು ಹೆತ್ತ ಉಮ್ಮನ ಮನೆಗೋ ಅಂಗಡಿಗೋ ಸೇರಿದವರು. ಕುಟ್ಟಿಚ್ಚಿರ ಕೊಳದ ಸುತ್ತಲಿನ ದೊಡ್ಡ ಮನೆಗಳೆಲ್ಲ ಹೀಗೆಯೇ ನಡೆದು ಬಂದವು. ಗಂಡ ಹೆಂಡತಿ ಅರ್ಧ ದಿನ ದೂರ ಇರುವುದರಿಂದ ಜಗಳವೂ ಅರ್ಧವೇ ಅಂತ ನಾನು ತಮಾಷೆ ಮಾಡುವುದುಂಟು. ನನ್ನ ಗಂಡ ಕಡಲಾಚೆ ಸಲಾಲಾದಲ್ಲಿ ಇರುವವರು, ವರ್ಷಕ್ಕೊಮ್ಮೆ ಬರುವವರು, ನಮ್ಮಲ್ಲಿ ಆ ಅರ್ಧವೂ ಇಲ್ಲ.

ನನ್ನ ಅಕ್ಕ ಇಂಬಿಚ್ಚಿಬಿಯ ಗಂಡ ಬೀರಾನ್‌ಕಾಕ ಹೀಗೆ ಮೂವತ್ತೇಳು ವರ್ಷ ಬಂದು ಹೋದವರು. ವಲಿಯಂಗಾಡಿ ಮಾರ್ಕೆಟ್ಟಿನಲ್ಲಿ ಕೊಬ್ಬರಿ ದಲ್ಲಾಳಿ. ಅಲ್ಲಿ ಅವರ ಬಾಯಿ ಕೇಳಬೇಕು ನೀವು. ಕೊಬ್ಬರಿ ಮುರಿದು ಮೂಸಿ, ಇದನ್ನು ನಿನ್ನ ಎಮ್ಮೆಗೂ ಹಾಕಬೇಡ ಅಂತ ಬೈದು, ಅದನ್ನೇ ಅರ್ಧ ಗಂಟೆಯ ನಂತರ ಇನ್ನೊಬ್ಬನಿಗೆ ಹೊಗಳಿ ಹೊಗಳಿ ಮಾರುವ ಮನುಷ್ಯ. ನಮ್ಮ ಹೊಸ್ತಿಲು ದಾಟಿದರೆ ಮಾತ್ರ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವರು, ಧ್ವನಿ ಇಳಿಸುವರು, ಕರೆದಲ್ಲಿ ಕೂತು ಬಡಿಸಿದ್ದನ್ನು ಉಣ್ಣುವರು.

ನಮ್ಮ ಉಮ್ಮ ಕುಂಞೀಬಿ ಈ ಮೂವತ್ತೇಳು ವರ್ಷದಲ್ಲಿ ಅವರೊಂದಿಗೆ ನೇರವಾಗಿ ಒಂದು ಮಾತು ಆಡಿದವಳಲ್ಲ. ಬಾಗಿಲ ಮರೆಯಲ್ಲಿ ನಿಂತು, ತಲೆಯ ಬಟ್ಟೆ ಹಣೆಯವರೆಗೆ ಎಳೆದುಕೊಂಡು, "ಅವ್ರಿಗೆ ಇನ್ನೊಂದು ತುಂಡು ಹಾಕು" ಅಂತ ಅಕ್ಕನಿಗೆ ಹೇಳುವುದು. ದಿನಾ ಸಂಜೆ ಅಕ್ಕಿ ಹಿಟ್ಟಿನ ಪತ್ತಿರಿ ಮಾಡಿದರೆ ಅದರಲ್ಲಿ ದುಂಡಗೆ, ತೆಳ್ಳಗೆ, ಕಲೆಯಿಲ್ಲದೆ ಬಂದವು ಪುದಿಯಾಪ್ಲನ ತಟ್ಟೆಗೆ. ಹರಿದವು, ಸೀದವು, ಅಂಚು ಒಡೆದವು ಅಡುಗೆಮನೆಯಲ್ಲಿ ನಮಗೆ. ನಿಜ ಹೇಳುವುದಾದರೆ ರುಚಿ ಇರುವುದು ಆ ಹರಿದವುಗಳಲ್ಲೇ, ಆದರೆ ಅದನ್ನು ಯಾವ ಗಂಡಸಿಗೂ ನಾವು ಹೇಳಿರಲಿಲ್ಲ.

ರಂಜಾನ್ ಹಬ್ಬ ಕಳೆದ ಮರುವಾರ ಬೀರಾನ್‌ಕಾಕ ಕೊಬ್ಬರಿ ಮೂಟೆಯ ಮೇಲೆ ಕೈ ಇಟ್ಟು ರೇಟು ಕೂಗುತ್ತಿದ್ದವರು ಹಾಗೇ ಬೆವರಿ ಕುಸಿದರು. ಹಮಾಲಿಗಳು ಎತ್ತಿ ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ಉಳಿದರು. ಹೃದಯಾಘಾತ. ಸ್ಟೆಂಟ್ ಹಾಕಿ ಕಳಿಸಿದರು. ಎಲ್ಲಿಗೆ ಕಳಿಸುವುದು? ಅವರ ಉಮ್ಮನ ಮನೆ ಹೋದ ವರ್ಷವೇ ಪಾಲಾಗಿ, ಕೆಡವಿ, ಅಲ್ಲಿ ಫ್ಲ್ಯಾಟ್ ಏಳುತ್ತಾ ಉಂಟು. ನಮ್ಮ ಮನೆಗೇ ಬಂದರು, ಹಗಲೂ ಇರಲಿಕ್ಕೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮರ್ಯಾದೆ. ಮಹಡಿಯ ಕೋಣೆಗೆ ಹೊಸ ಹಾಸಿಗೆ ಬಂತು, ಹಿತ್ತಾಳೆಯ ಪೀಕದಾನಿ ಬೆಳಗಿ ಮಂಚದ ಕಾಲಿಗೆ ಇಟ್ಟೆವು. ಸದ್ದು ಆಗಬಾರದು ಅಂತ ಉಮ್ಮ ಕುಕ್ಕರನ್ನು ಅಟ್ಟಕ್ಕೆ ಹಾಕಿಸಿದಳು. ಮಿಕ್ಸಿಯನ್ನು ಪಕ್ಕದ ಮನೆಗೆ ಹೊತ್ತುಕೊಂಡು ಹೋಗಿ ಮಸಾಲೆ ರುಬ್ಬಿ ತರುವುದು ನನ್ನ ಪಾಲಿಗೆ ಬಂತು. ಅಕ್ಕನ ಮಗಳು ರಂಸೀನ ಟಿವಿಯ ದನಿ ಪೂರ್ತಿ ತೆಗೆದು, ಸುದ್ದಿ ಓದುವವರ ತುಟಿ ನೋಡಿಕೊಂಡು ಕೂರುತ್ತಿದ್ದಳು. ಕೊಬ್ಬರಿ ಬೆಲೆ ಬಿದ್ದಿತ್ತು, ಅದನ್ನು ಹೇಳಬಾರದು. ಯಾರೋ ತೀರಿಕೊಂಡರು, ಅದನ್ನೂ ಹೇಳಬಾರದು. ಲೋಟ ಎತ್ತಲಿಕ್ಕೆ ಅವರು ಕೈ ಚಾಚಿದರೆ ಅಕ್ಕ ಓಡಿ ಹೋಗಿ ಅದನ್ನು ಅವರ ಬಾಯಿಗೇ ಹಿಡಿಯುವಳು.

ಮೊದಲ ವಾರ ಬೀರಾನ್‌ಕಾಕ ಎಲ್ಲದಕ್ಕೂ "ಆಯ್ತು" ಅಂದರು. ಎರಡನೇ ವಾರ ಅದನ್ನೂ ನಿಲ್ಲಿಸಿದರು. ಗಡ್ಡ ಬೆಳೆಯಿತು. ಊಟದ ತಟ್ಟೆ ಹೋದ ಹಾಗೆಯೇ ವಾಪಸ್ ಬರತೊಡಗಿತು. ಉಪ್ಪು ಕಮ್ಮಿ ಅದಕ್ಕೆ ಅಂತ ನಾವು ಅಂದುಕೊಂಡೆವು. ನಿದ್ದೆ ಇಲ್ಲ, ಹಗಲೂ ಮಲಗುವುದೇ, ಛಾವಣಿಯ ತೊಲೆ ನೋಡಿಕೊಂಡು. ಆಪರೇಷನ್ನಿನ ಸುಸ್ತು ಅಂತ ಬಂದವರೆಲ್ಲ ಹೇಳಿದರು. ಉಮ್ಮ ಇನ್ನೊಂದು ದಿಂಬು ಹೊಲಿಸಿದಳು.

ಗುರುವಾರ ಪೀಕದಾನಿ ತೊಳೆಯಲಿಕ್ಕೆ ತೆಗೆದುಕೊಂಡು ಹೋದ ರಂಸೀನ ಹಿತ್ತಲಿನಿಂದ ನನ್ನನ್ನು ಕರೆದಳು. ಅದರ ತಳದಲ್ಲಿ ಮಾತ್ರೆಗಳು ಕರಗಿ ಬಿಳಿ ಗಂಜಿಯಾಗಿದ್ದವು. ಒಂದೆರಡು ಹೊತ್ತಿನದ್ದಲ್ಲ. ರಂಸೀನ ಅದನ್ನು ಹಾಗೇ ಹಿಡಿದುಕೊಂಡು ಮಹಡಿ ಹತ್ತಿದಳು, ಹಿಂದಿನಿಂದ ಅಕ್ಕ, ಅಕ್ಕನ ಹಿಂದೆ ನಾನು.

"ಉಪ್ಪಾ, ಇದು ಎಂತದು?"

ಬೀರಾನ್‌ಕಾಕ ನೋಡಿದರು. ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ.

"ನುಂಗಿ ಎಂತ ಆಗ್ಬೇಕು ಮಗಳೇ," ಅಂದು ಗೋಡೆಯ ಕಡೆ ಹೊರಳಿದರು.

ಕೊಬ್ಬರಿ ಬುಟ್ಟಿಗೆ ಎರಡು ರೂಪಾಯಿ ಹೆಚ್ಚು ಸಿಗಲಿ ಅಂತ ಅರ್ಧ ದಿನ ಗಂಟಲು ಹರಿದುಕೊಳ್ಳುತ್ತಿದ್ದ ಮನುಷ್ಯ ತನ್ನ ಜೀವಕ್ಕೆ ಒಂದು ಮಾತು ಹೆಚ್ಚು ಕೇಳಲಿಲ್ಲ.

ಮರುದಿನವೇ ಆಸ್ಪತ್ರೆಗೆ ಹೋದೆವು. ಹೃದಯದ ಡಾಕ್ಟ್ರು ಲತಿಕಾ ಮೇಡಂ ಎಲ್ಲ ಪರೀಕ್ಷೆ ಮಾಡಿ ಅವರನ್ನು ಹೊರಗೆ ಕೂರಿಸಿ ನನ್ನನ್ನೂ ಅಕ್ಕನನ್ನೂ ಕರೆದರು. ರಕ್ತನಾಳ ಚೆನ್ನಾಗಿ ತೆರೆದುಕೊಂಡಿದೆಯಂತೆ. ಕಾಯಿಲೆ ಈಗ ಇನ್ನೊಂದು ಅಂತೆ, ಖಿನ್ನತೆ. ಹೃದಯಾಘಾತ ಆದ ಎಷ್ಟೋ ಜನರಿಗೆ ಬರುತ್ತದಂತೆ.

"ಬೇಜಾರಲ್ಲಿದ್ದಾರೆ, ಸರಿಹೋಗುತ್ತೆ ಅಂತ ಬಿಡ್ಬೇಡಿ," ಅಂದರು. "ನಿದ್ದೆ ಹೋಗುತ್ತೆ, ಬಿಪಿ ಏರುತ್ತೆ, ಮಾತ್ರೆ ಬಿಡ್ತಾರೆ, ನಡೆಯೋದಿಲ್ಲ. ಮನಸ್ಸು ಹೀಗೇ ಇದ್ರೆ ಇನ್ನೊಂದು ಸಲ ಎದೆ ಹಿಡ್ಕೊಳ್ಳೋ ಅಪಾಯ ಜಾಸ್ತಿ. ಮನೇಲಿ ದಿನವಿಡೀ ಎಂತ ಮಾಡ್ತಾರೆ?"

ಅಕ್ಕ ಹೆಮ್ಮೆಯಿಂದಲೇ ಹೇಳಿದಳು, ಒಂದು ಲೋಟ ಎತ್ತಲೂ ನಾವು ಬಿಡುವುದಿಲ್ಲ ಅಂತ. ಡಾಕ್ಟ್ರು ಪೆನ್ನು ಕೆಳಗಿಟ್ಟರು. ಅವರು ಯಾರ ಹತ್ತಿರ ಮಾತಾಡುತ್ತಾರೆ, ಯಾರ ಹತ್ತಿರ ಜಗಳ ಆಡುತ್ತಾರೆ ಅಂತ ಕೇಳಿದರು.

"ಜಗಳವಾ?" ಅಕ್ಕ ನನ್ನ ಮುಖ ನೋಡಿದಳು. "ಅವ್ರು ನಮ್ಮ ಪುದಿಯಾಪ್ಲ ಅಲ್ವಾ ಡಾಕ್ಟ್ರೇ."

ಮೇಡಂ ನಮ್ಮ ಕಡೆಯವರೇ, ಅವರಿಗೆ ಅರ್ಥವಾಯಿತು. ಮನಸ್ಸಿಗೆ ಒಂದು ಮಾತ್ರೆ ಬರೆದರು, ಮಂಗಳವಾರ ಮಂಗಳವಾರ ಕೌನ್ಸೆಲಿಂಗ್‌ಗೆ, ಅಂದರೆ ಮಾತಾಡಿಸುವವರ ಹತ್ತಿರ, ಕರೆತರಲು ಹೇಳಿದರು, ದಿನಾ ನಡೆಯಬೇಕು ಅಂದರು. ಏಳುವಾಗ, ಮನೆಯಲ್ಲಿ ಅವರಿಗೆ ಒಂದು ಕೆಲಸ ಕೊಡಿ, ನಿಜವಾದ ಕೆಲಸ, ಅಂತ ಸೇರಿಸಿದರು.

ಇದನ್ನು ಅಡುಗೆಮನೆಯಲ್ಲಿ ಉಮ್ಮನಿಗೆ ಹೇಳಿದಾಗ ಅವಳು ಮೀನು ಕೊಯ್ಯುವ ಕತ್ತಿಯನ್ನು ಹಾಗೇ ಹಿಡಿದುಕೊಂಡು ಕೂತಳು. ಪುದಿಯಾಪ್ಲನಿಂದ ಚಾಕರಿ ಮಾಡಿಸಿದ ಮನೆ ಅಂತ ಕುಟ್ಟಿಚ್ಚಿರ ಇಡೀ ಆಡಿಕೊಳ್ಳಲಿಕ್ಕೆ ತಾನು ಬದುಕಿರುವವರೆಗೆ ಬಿಡುವುದಿಲ್ಲ ಅಂದಳು.

"ನನ್ನ ಗಂಡ ದಿನಾ ಅವರ ತಟ್ಟೆ ಅವರೇ ತೊಳೀತಾರೆ, ಯಾರು ಆಡ್ಕೊಂಡ್ರು ಉಮ್ಮಾಮ?" ಅಂದಳು ರಂಸೀನ.

"ಅದನ್ನ ನೋಡಿ ನನಗೆ ಎಷ್ಟು ದಿನ ಅನ್ನ ಸೇರ್ಲಿಲ್ಲ ಅಂತ ನಿನಗೆ ಗೊತ್ತುಂಟಾ?"

ರಂಸೀನಳ ಗಂಡ ಶಿಬಿಲ್ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಒಳ್ಳೆಯ ಹುಡುಗ, ಹೊಸ ಕಾಲದವನು. ಅವನು ಪ್ರಯತ್ನ ಮಾಡಿದ. ಮಾವನನ್ನು ಕೊಳದ ಸುತ್ತ ನಡೆಸಲು ಕರೆದುಕೊಂಡು ಹೋದ. ಕಟ್ಟೆಯ ಮೇಲೆ ಕೂತ ಮುದುಕರು ಒಬ್ಬೊಬ್ಬರಾಗಿ, ಎದೆ ಹೇಗುಂಟು ಬೀರಾನೇ, ಇಂಥವನಿಗೂ ಹೀಗೇ ಆಗಿತ್ತು, ಪಾಪ ಹೋಗಿಬಿಟ್ಟ, ಅಂತ ಶುರು ಮಾಡಿದರು. ಅರ್ಧ ಸುತ್ತಿಗೇ ವಾಪಸ್ ಬಂದರು. ಮರುದಿನ ಒಣಗಿದ ಬಟ್ಟೆ ಮಡಚಲು ಕೊಟ್ಟ. ಬೀರಾನ್‌ಕಾಕ ಒಂದು ಲುಂಗಿ ಎತ್ತಿಕೊಂಡದ್ದೇ, ಅಕ್ಕ ಎಲ್ಲಿಂದಲೋ ಹಾರಿ ಬಂದು ಕಸಿದುಕೊಂಡಳು. ಅಕ್ಕನಿಗೂ ರಂಸೀನಳಿಗೂ ದೊಡ್ಡ ಜಗಳವೇ ಆಯಿತು, ಅದೂ ಪಿಸುಗುಟ್ಟಿಕೊಂಡು. ಪಿಸುದನಿಯಲ್ಲಿ ಜಗಳ ಆಡುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು.

ಮಾತ್ರೆಗಳನ್ನು ಅಕ್ಕ ಈಗ ಕಣ್ಣೆದುರೇ ನುಂಗಿಸುತ್ತಿದ್ದಳು. ಆದರೆ ಅವರು ಅದನ್ನು ನಾಲಿಗೆಯ ಅಡಿಯಲ್ಲಿ ಇಟ್ಟುಕೊಳ್ಳುತ್ತಾರೋ ಏನೋ ಅಂತ ಅವಳಿಗೆ ಅನುಮಾನ. ಬಾಯಿ ತೆರೆಯಿರಿ ಅಂತ ಪುದಿಯಾಪ್ಲನಿಗೆ ಹೇಗೆ ಹೇಳುವುದು? ಹಿತ್ತಲಿಗೆ ಬಂದು ಅಳುವಳು. "ಸೈನಬೀ, ಇವ್ರು ಹೀಗೇ ಹೋಗಿಬಿಡ್ತಾರಾ?" ಅಂತ ನನ್ನನ್ನು ಕೇಳುವಳು. ನನಗೂ ಅದೇ ಹೆದರಿಕೆ.

ಹೀಗಿರುವಾಗ ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಕಳೆದ ಹೊತ್ತು. ಅಕ್ಕ, ರಂಸೀನ ಇಬ್ಬರೂ ಆಚೆ ಮನೆಯ ಬಾಣಂತಿಯನ್ನು ನೋಡಲು ಹೋಗಿದ್ದರು. ನಾನು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದೆ. ಉಮ್ಮ ಪತ್ತಿರಿಯ ಹಿಟ್ಟು ಕುದಿನೀರಿಗೆ ಹಾಕಿ ಇಳಿಸಿ, ಬಿಸಿ ಆರುವ ಮೊದಲೇ ನಾದುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬೀರಾನ್‌ಕಾಕ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹೂಜಿಯಲ್ಲಿ ನೀರು ಮುಗಿದಿತ್ತು, ಮೆಲುದನಿಯಲ್ಲಿ ಕರೆದದ್ದು ಯಾರಿಗೂ ಕೇಳಿರಲಿಲ್ಲ, ಅಷ್ಟೇ.

ಉಮ್ಮನ ಎರಡೂ ಕೈ ಹಿಟ್ಟಿನಲ್ಲಿ. ತಲೆಯ ಬಟ್ಟೆ ಹೆಗಲಿಗೆ ಜಾರಿದೆ. ಎಳೆದುಕೊಳ್ಳಲಿಕ್ಕೆ ಕೈ ಇಲ್ಲ, ಮರೆಗೆ ಹೋಗಲಿಕ್ಕೆ ಮೊಣಕಾಲು ಏಳುವುದಿಲ್ಲ. ಅವರು ತಲೆ ತಗ್ಗಿಸಿ ತಿರುಗಿದರು.

"ನಿಲ್ಲು ಅಲ್ಲಿ," ಅಂದಳು ಉಮ್ಮ.

ನಾನು ಈರುಳ್ಳಿ ಬಿಟ್ಟೆ.

"ಮಾತ್ರೆಯನ್ನ ಪೀಕದಾನಿಗೆ ಹಾಕ್ಲಿಕ್ಕೆ ನಿನಗೆ ನಾಚಿಕೆ ಆಗ್ಲಿಲ್ವಾ ಬೀರಾನೇ?"

ನೀನು ಅಂದಳು. ಬರೀ ಬೀರಾನ್ ಅಂದಳು. ಹಾಗೆ ಅಂದ ಮೇಲೆ ಅವಳ ಬಾಯಿಗೆ ಅಡ್ಡ ಯಾವುದೂ ಉಳಿಯಲಿಲ್ಲ.

"ನಿನ್ನ ಮಾವನೂ ಈ ಮನೆಗೆ ಪುದಿಯಾಪ್ಲನೇ, ಆ ಮೇಲಿನ ಕೋಣೆಯಲ್ಲೇ ಮಲಗಿದ್ರು. ಅವ್ರಿಗೂ ಎದೆಯದ್ದೇ. ನಾವು ದಿಂಬು ಸರಿಮಾಡಿದ್ದೇ ಮಾಡಿದ್ದು, ಯಾರೂ ಒಂದು ಮಾತು ಜೋರಾಗಿ ಆಡ್ಲಿಲ್ಲ. ಗೋಡೆ ನೋಡ್ತಾ ನೋಡ್ತಾ ಹೋಗಿಬಿಟ್ರು. ಕುಂಞೀಬಿ ಪುದಿಯಾಪ್ಲನನ್ನ ಎಷ್ಟು ಚಂದ ನೋಡ್ಕೊಂಡ್ಳು ಅಂತ ಊರೆಲ್ಲ ಹೊಗಳಿತು. ಆ ಹೊಗಳಿಕೆ ನನಗೆ ಇನ್ನೊಂದು ಸಲ ಬೇಡ. ನನ್ನ ಮಗಳು ಬಿಳಿ ಉಟ್ಟು ಕೂರೋದನ್ನ ನಾನು ನೋಡೋದಿಲ್ಲ. ಕೇಳಿತಾ?"

ಬೀರಾನ್‌ಕಾಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಆಮೇಲೆ ಅವರು ಮಾತಾಡಿದರು, ಎಷ್ಟೋ ವಾರಗಳಲ್ಲಿ ಮೊದಲ ಸಲ ಪೂರ್ತಿ ಮಾತು.

"ಈ ಮನೇಲಿ ಎಲ್ಲಿ ಕೂರ್ಬೇಕು ಅಂತಲೇ ನನಗೆ ಗೊತ್ತಾಗೋದಿಲ್ಲ ಉಮ್ಮಾ. ಹಗಲು ಹೊತ್ತಲ್ಲಿ ನಾನು ಇದನ್ನ ನೋಡಿದವನೇ ಅಲ್ಲ. ಮೇಲೆ ಮಲಗಿ ಕೇಳಿದ್ರೆ ಕೆಳಗೆ ಎಲ್ಲರೂ ಪಿಸುಪಿಸು. ಯಾರೋ ಸತ್ತ ಮನೆ ಅನಿಸ್ತದೆ. ಆಮೇಲೆ ನೆನಪಾಗ್ತದೆ, ಸತ್ತವ ನಾನೇ ಅಂತ."

ಹೇಳಿ ಅವರು ಅತ್ತರು. ಅಷ್ಟು ದೊಡ್ಡ ಮನುಷ್ಯ, ಹೆಗಲು ಅಲುಗಿಸಿಕೊಂಡು. ಉಗ್ರಾಣದಲ್ಲಿ ನಾನೂ ಅತ್ತೆ, ಅದಕ್ಕೆ ಈರುಳ್ಳಿ ಕಾರಣವಲ್ಲ. ಉಮ್ಮ ಅಳಲಿಲ್ಲ. ಅವರು ಅತ್ತು ಮುಗಿಸುವವರೆಗೆ ಹಿಟ್ಟು ನಾದುತ್ತಲೇ ಇದ್ದಳು.

"ಸತ್ತವನ ಕೈಯಲ್ಲಿ ನನಗೆ ಪತ್ತಿರಿ ಲಟ್ಟಿಸಿಕೊಳ್ಲಿಕ್ಕೆ ಆಗೋದಿಲ್ಲ," ಅಂದಳು ಕೊನೆಗೆ. "ನೀನು ಕೈ ತೊಳ್ಕೊಂಡು ಬಾ. ಆ ಮಣೆ ಎಳ್ಕೋ."

ಬೀರಾನ್‌ಕಾಕ ಕೂತರು. ಲಟ್ಟಣಿಗೆ ಹಿಡಿಯುವ ರೀತಿಯೇ ಗೊತ್ತಿಲ್ಲ. ಮೊದಲನೆಯದು ಆಡಿನ ಕಿವಿಯ ಹಾಗೆ ಬಂತು. ಎರಡನೆಯದು ಮಣೆಗೇ ಅಂಟಿತು. ಉಮ್ಮ ಅದನ್ನು ಕೆರೆದು ತೆಗೆಯುತ್ತ, ಮೂವತ್ತೇಳು ವರ್ಷ ತಿಂದ ಬಾಯಿಗೆ ಇದರ ಆಕಾರ ನೆನಪಿಲ್ಲವಾ ಅಂತ ಕೇಳಿದಳು.

"ಹಿಟ್ಟು ಸರಿ ಇಲ್ಲ," ಅಂದರು ಬೀರಾನ್‌ಕಾಕ.

"ಕೈ ಸರಿ ಇಲ್ಲ ಅಂತ ಹೇಳು."

"ಅಕ್ಕಿ ಹೊಸದು ಉಮ್ಮಾ, ಅಂಟು ನೋಡಿ. ಯಾವ ಅಂಗಡಿಯವ ಕೊಟ್ಟದ್ದು? ನಿಮಗೆ ಟೋಪಿ ಹಾಕಿದ್ದಾನೆ."

"ನನಗಾ? ನಿನ್ನ ವಲಿಯಂಗಾಡಿ ಹುಟ್ಟುವ ಮೊದ್ಲೇ ನಾನು ಅಕ್ಕಿ ನೋಡಿದವಳು."

"ನೋಡಿದ್ರೆ ಇದನ್ನ ತಗೊಳ್ತಿರ್ಲಿಲ್ಲ."

ಆ ಮಾತಿಗೆ ಮಾತು ಬೆಳೆದು, ಅವರ ಧ್ವನಿ ಏರಿ, ಇವಳದ್ದು ಅದಕ್ಕಿಂತ ಏರಿ, ಬೀದಿಗೇ ಕೇಳುವಂತಾಯಿತು. ಗೇಟಿನ ಹತ್ತಿರ ಬಂದ ಅಕ್ಕ ಗಂಡನ ಕೂಗು ಕೇಳಿ, ಮತ್ತೆ ಎದೆಗೆ ಬಂತು ಅಂತ ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದಳು. ನೋಡಿದರೆ ಗಂಡ ನೆಲದ ಮಣೆಯ ಮೇಲೆ, ಗಡ್ಡದ ತುಂಬ ಹಿಟ್ಟು, ಎದುರಿಗೆ ತಲೆಯ ಮೇಲೆ ಬಟ್ಟೆಯಿಲ್ಲದ ಉಮ್ಮ. ಅಕ್ಕ ಬಾಯಿಗೆ ಕೈ ಇಟ್ಟುಕೊಂಡು ಅಳಲು ಶುರು ಮಾಡಿದಳು.

"ಆಮೇಲೆ ಅಳು," ಅಂದರು ಬೀರಾನ್‌ಕಾಕ. "ಕಾವಲಿಯಲ್ಲಿ ಸೀಯ್ತಾ ಉಂಟು, ಅದನ್ನ ಮಗುಚು ಮೊದ್ಲು."

ಹೆಂಡತಿಗೆ ಅವರು ಹೇಳಿದ ಮೊದಲ ಕೆಲಸ ಅದು. ಅಕ್ಕ ಅಳುತ್ತಲೇ ಮಗುಚಿದಳು.

ಪತ್ತಿರಿ ಲಟ್ಟಿಸಿ ಹೃದಯ ಸರಿಯಾಯಿತು ಅಂತ ನಾನು ಹೇಳಿದರೆ ಲತಿಕಾ ಮೇಡಂ ನನ್ನನ್ನು ಆಸ್ಪತ್ರೆಯ ಒಳಗೇ ಬಿಡಲಿಕ್ಕಿಲ್ಲ. ಮನಸ್ಸಿನ ಮಾತ್ರೆ ಹಿಡಿಯಲು ವಾರಗಳೇ ಬೇಕಾದವು. ಮಂಗಳವಾರ ಮಾತಾಡಿಸುವವರ ಹತ್ತಿರ ಹೋಗಿ ಮೊದಲ ಸಲ ಸುಮ್ಮನೆ ಕೂತು ಬಂದರು, ಎರಡನೇ ಸಲ ಕೊಬ್ಬರಿ ಬಗ್ಗೆ ಹೇಳಿದರು, ಮೂರನೇ ಸಲ ಏನು ಹೇಳಿದರೋ, ಬರುವಾಗ ಕಣ್ಣು ಕೆಂಪಗಿತ್ತು, ನಡಿಗೆ ಹಗುರವಿತ್ತು. ನಡುವೆ ಕೆಟ್ಟ ದಿನಗಳೂ ಬಂದವು. ಏಳುವುದೇ ಇಲ್ಲ ಅಂತ ಗೋಡೆಗೆ ತಿರುಗಿ ಮಲಗಿದ ದಿನ ಉಮ್ಮ ಮೆಟ್ಟಿಲ ಬುಡದಲ್ಲಿ ನಿಂತು, "ಬೀರಾನೇ, ನುಂಗಿದೆಯಾ? ಬಾಯಿ ತೆರೆದು ನಿನ್ನ ಹೆಂಡ್ತಿಗೆ ತೋರಿಸು," ಅಂತ ಕೂಗುವಳು. ಅದು ಬೀದಿಯ ಆ ತುದಿಯ ದರ್ಜಿ ಅಂಗಡಿಗೂ ಕೇಳಿಸಿ, ಅಲ್ಲಿಂದ ದರ್ಜಿ, "ನುಂಗಿಯಾಯ್ತಾ ಬೀರಾನ್‌ಕಾಕ?" ಅಂತ ವಿಚಾರಿಸುವನು.

ಕುಕ್ಕರ್ ಅಟ್ಟದಿಂದ ಇಳಿಯಿತು. ಮಿಕ್ಸಿ ಮನೆಯಲ್ಲೇ ಗರ್ಜಿಸಿತು. ಮೀನು ಮಾರುವ ಅಪ್ಪುಟ್ಟಿ ಬೈಕಿನಲ್ಲಿ ಬಂದರೆ ನಮಗೆ ಬಾಗಿಲ ಹತ್ತಿರ ಹೋಗಲು ಬಿಡದೆ ಬೀರಾನ್‌ಕಾಕನೇ ಇಳಿದು ಬರತೊಡಗಿದರು. ಬೂತಾಯಿಯ ಕಿವಿರು ಎತ್ತಿ ನೋಡಿ, ಇದು ಹೋದ ಹಬ್ಬದಲ್ಲಿ ಸತ್ತದ್ದಾ ಅಂತ ಕೇಳುವುದು. ಅಪ್ಪುಟ್ಟಿ ಒಂದು ದಿನ ನನ್ನ ಹತ್ತಿರ ಬಂದು, ಕಾಕನಿಗೆ ಮೈ ಸರಿಯಾಯ್ತಲ್ಲ, ಇನ್ನು ಮಾರ್ಕೆಟ್ಟಿಗೆ ಕಳಿಸಿ ಅಕ್ಕಾ, ನನ್ನ ಹೊಟ್ಟೆಪಾಡು ಹೋಗುತ್ತೆ ಅಂತ ಕೈಮುಗಿದ. ಡಾಕ್ಟ್ರು ಒಪ್ಪಿದ ಮೇಲೆ ಬೆಳಿಗ್ಗೆ ಸ್ವಲ್ಪ ಹೊತ್ತು ಹೋಗತೊಡಗಿದರು, ಮೂಟೆ ಎತ್ತುವಂತಿಲ್ಲ, ಕೂಗುವುದಕ್ಕೆ ಮಿತಿ ಉಂಟು ಅಂತ ಶಿಬಿಲ್ ಹಮಾಲಿಗಳಿಗೆಲ್ಲ ಹೇಳಿ ಇಟ್ಟಿದ್ದ. ಸಂಜೆ ಬಂದವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬನಿಯನ್ನಿನಲ್ಲೇ ಅಡುಗೆಮನೆಗೆ ನುಗ್ಗುವರು. ಉಪ್ಪಿನ ಡಬ್ಬದ ಹತ್ತಿರ ಅವರ ಕೈ ಸುಳಿದರೆ ಉಮ್ಮ ಸೌಟಿನಿಂದ ಒಂದು ಕೊಡುವಳು.

ಬಕ್ರೀದ್ ಬಂತು. ಬೇಪೂರಿನಿಂದ ಉಮ್ಮನ ಅಣ್ಣನ ಹೆಂಡತಿ ಅಮ್ಮಾಯಿ ಬಂದಳು, ಇಡೀ ಊರಿನ ಮರ್ಯಾದೆ ಅಳೆಯುವ ಕೋಲು ಅವಳ ಕೈಯಲ್ಲೇ ಇರುವುದು. ಗಂಡಸರು ದೊಡ್ಡ ಹಜಾರದಲ್ಲಿ ಕೂತರು. ಬೀರಾನ್‌ಕಾಕ ಬೆಳಿಗ್ಗೆಯಿಂದ ಲಟ್ಟಿಸಿ ಲಟ್ಟಿಸಿ, ಎಲ್ಲರಿಗಿಂತ ಕೊನೆಗೆ ಕೈ ತೊಳೆದು ಬಂದು ಶಿಬಿಲನ ಪಕ್ಕ ಕೂತರು. ಉಮ್ಮ ಈ ಸಲ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ತಾನೇ ತಟ್ಟೆ ಹಿಡಿದು ಬಂದಳು. ದುಂಡಗಿನ ಪತ್ತಿರಿಗಳು ಬಂದ ನೆಂಟರಿಗೆ, ಶಿಬಿಲನಿಗೆ ಹೋದವು. ಕೊನೆಗೆ ಬೀರಾನ್‌ಕಾಕನ ತಟ್ಟೆಗೆ ನಾಲ್ಕು ಹಾಕಿದಳು. ಒಂದರ ಅಂಚು ಒಡೆದಿತ್ತು. ಒಂದಕ್ಕೆ ನಡುವೆ ತೂತು. ಉಳಿದೆರಡು ಸೀದು ಕಪ್ಪಾಗಿದ್ದವು.

ಅಮ್ಮಾಯಿಯ ಕಣ್ಣು ಮೊದಲು ತಟ್ಟೆಗೆ, ಆಮೇಲೆ ಉಮ್ಮನ ಮುಖಕ್ಕೆ ಹೋಯಿತು.

"ಕುಂಞೀಬೀ, ಪುದಿಯಾಪ್ಲನಿಗೆ ಹರಿದ ಪತ್ತಿರಿಯಾ?"

"ಅವನೇ ಹರಿದದ್ದು," ಅಂದಳು ಉಮ್ಮ. "ಮನೆಯವರಿಗೆ ಹರಿದದ್ದೇ."

ಬೀರಾನ್‌ಕಾಕ ತಟ್ಟೆ ನೋಡಿದರು. ತೂತು ಬಿದ್ದ ಪತ್ತಿರಿ ಎತ್ತಿ ಅದರೊಳಗಿಂದ ಅಮ್ಮಾಯಿಯನ್ನು ನೋಡಿದರು. ಆಮೇಲೆ ನಗು ಬಂತು ನೋಡಿ, ಎಲ್ಲಿತ್ತೋ ಅಷ್ಟು ನಗು. ನಕ್ಕು ನಕ್ಕು ಬಗ್ಗಿದರು, ಕಣ್ಣಲ್ಲಿ ನೀರು ಬಂತು, ಒಂದು ಕೈ ಎದೆಯ ಮೇಲೆ ಹೋಯಿತು.

ಅಕ್ಕನ ಕೈಯಿಂದ ಸಾರಿನ ಸೌಟು ಬಿತ್ತು. ಶಿಬಿಲ್ ಎದ್ದು ನಿಂತ.

"ಎಂತ ಇಲ್ಲ, ಎಂತ ಇಲ್ಲ," ಅಂತ ಬೀರಾನ್‌ಕಾಕ ಇನ್ನೊಂದು ಕೈ ಎತ್ತಿದರು, ಉಸಿರು ಸಿಗದೆ. "ನಗು. ಬರೀ ನಗು." ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಕಡೆ ತಿರುಗಿದರು. "ಇಷ್ಟು ವರ್ಷ ಒಳ್ಳೇದನ್ನೆಲ್ಲ ನೀವೇ ತಿಂದ್ರಲ್ಲ ಕಳ್ಳಿಯರಾ. ಇದರ ರುಚಿಯನ್ನ ನನಗೆ ಯಾರೂ ಹೇಳೇ ಇಲ್ಲ."

ಉಮ್ಮ ಬಿದ್ದ ಸೌಟು ಎತ್ತಿ ಅಕ್ಕನ ಕೈಗೆ ಕೊಟ್ಟಳು. ಆಮೇಲೆ ಸೀದು ಹೋದ ಇನ್ನೊಂದು ಪತ್ತಿರಿ ತಂದು ಅಳಿಯನ ತಟ್ಟೆಗೆ ಹಾಕಿದಳು.

"ನಕ್ಕದ್ದು ಸಾಕು," ಅಂದಳು. "ತಿಂದು ಮಾತ್ರೆ ನುಂಗು. ಸಂಜೆ ಬರೋರಿಗೆ ಇನ್ನೂ ಒಂದು ಚರಿಗೆ ಹಿಟ್ಟು ಉಂಟು."